ಡೇಟಾದಾನ ಮೀಮಾಂಸೆ: ಬ್ಲೂಟೂತ್ ಕಾಂಡ

ಅನ್ನದಾನವೇ ಶ್ರೇಷ್ಠವೆಂದು ಹಿರಿಯರು ತೀರ್ಮಾನಿಸಿದ ಕಾಲಕ್ಕೆ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರಲಿಲ್ಲ. ಈಗ ಮದುವೆ ಛತ್ರದಲ್ಲಿ ಪಕ್ಕದ ಕುರ್ಚಿಗೆ ಬಂದು ಕೂತ ಅಕ್ಕನ ಮಗ, ಕುಶಲ ವಿಚಾರಿಸುವ ಮೊದಲೇ, ‘ಮಾಮಾ, ಒಂಚೂರು ನೆಟ್ ಕೊಡಿ, ನಂದು ಖಾಲಿ’ ಎನ್ನುತ್ತಾನೆ. ಇಲ್ಲವೆಂದರೆ ಅಕ್ಕ ಬಿಡುವುದಿಲ್ಲ. ಹೂಂ ಎಂದರೆ ಮುಹೂರ್ತದವರೆಗೂ ಪ್ಯಾಕ್ ಉಳಿಯುವುದಿಲ್ಲ. ಇಂಥ ಧರ್ಮಸಂಕಟದ ನಿವಾರಣೆಗೆಂದೇ, ಒಂದು ಫೋನಿನ ನೆಟ್ಟನ್ನು ಬ್ಲೂಟೂತ್ ಮೂಲಕ ಇನ್ನೊಂದಕ್ಕೆ ಹರಿಸುವ ಬ್ಲೂಟೂತ್ ಟೆದರಿಂಗ್ ಅವತರಿಸಿತೆಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಸಂಪ್ರದಾಯದಂತೆ ಮೂಲಪುರುಷನ ಸ್ಮರಣೆ. ಬ್ಲೂಟೂತ್‌ಗೆ ಇಟ್ಟ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹೆರಾಲ್ಡ್ ಬ್ಲೂಟೂತ್‌ನದು. ವಿದ್ಯೆ ಹುಟ್ಟಿದ್ದು 1994ರಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. ಅರಸ ಯಾರಿಗೂ ಡೇಟಾ ಕೊಟ್ಟ ದಾಖಲೆಯಿಲ್ಲವಾದ್ದರಿಂದ ಮುಂದೆ ಸಾಗೋಣ.

ಪೂರ್ವಪಕ್ಷ: ವೈಫೈ ಹಾಟ್‌ಸ್ಪಾಟ್ ಇರುವಾಗ ಇದೇಕೆ? ಸಮಾಧಾನ: ಹಾಟ್‌ಸ್ಪಾಟ್ ಎಂಬುದು ಊರಬಾಗಿಲ ಅರವಟಿಗೆ. ದಾನಿಯ ಹೆಸರು ಛತ್ರದ ಅಷ್ಟೂ ಫೋನುಗಳಲ್ಲಿ ಕಾಣುತ್ತದೆ, ಒಬ್ಬನಿಗೆ ಹೇಳಿದ ಪಾಸ್‌ವರ್ಡ್ ವಾಲಗದವರವರೆಗೂ ತಲುಪುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಬ್ಲೂಟೂತ್‌ನಲ್ಲಿ ಜೋಡಿಸಿಕೊಂಡವನಿಗಷ್ಟೇ ಪಾಲು. ಅದೂ 79 ಚಾನೆಲ್ಲುಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತ ಹೋಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ನಿಯಮ ಇಷ್ಟು ಕಟ್ಟುನಿಟ್ಟಾಗಿ ಬೇರೆಲ್ಲೂ ಪಾಲನೆಯಾಗಿಲ್ಲ.

ಆದರೆ ಈ ದಾನದ ನಿಜವಾದ ಮಹಿಮೆ ಅದರ ನಿಧಾನದಲ್ಲಿದೆ. ಫೋನಿನ ಡಬ್ಬದ ಮೇಲೆ ಬ್ಲೂಟೂತ್ 5 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ, ನೆಟ್ ಹಂಚುವ ಕಾಲುವೆ 2004ರಲ್ಲಿ ಅಗೆದದ್ದೇ: ಕಾಗದದ ಮೇಲೆ ಸೆಕೆಂಡಿಗೆ 3 ಮೆಗಾಬಿಟ್, ಕೈಗೆ ದಕ್ಕಿದರೆ ಎರಡು. ಈ ವೇಗದಲ್ಲಿ ಒಂದೂವರೆ ಜಿಬಿ ಹೀರಲು ಒಂದು ಗಂಟೆ ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಎರಡು ಪಂಕ್ತಿ ಊಟ ಮುಗಿದಿರುತ್ತದೆ. ವಾಟ್ಸಾಪ್ ಸಂದೇಶ ಸಲೀಸಾಗಿ ಹೋಗುತ್ತದೆ, ಯುಪಿಐ ನಡೆಯುತ್ತದೆ, ರೀಲ್ಸ್ ಮಾತ್ರ ಸುತ್ತುತ್ತಲೇ ಇರುತ್ತದೆ. ಯಾಚಕ ದೂರುವುದು ನೆಟ್‌ವರ್ಕನ್ನು, ದಾನಿಯನ್ನಲ್ಲ. ಕೊಟ್ಟ ಹಾಗೂ ಆಗಿ ಕೊಡದ ಹಾಗೂ ಆಗುವ ಇಂಥ ದಾನಕ್ಕೆ ಪ್ರಾಚೀನರು ಎಷ್ಟು ತಪಸ್ಸು ಮಾಡಬೇಕಿತ್ತೋ!

ಇನ್ನೂ ಸೂಕ್ಷ್ಮ ಲೋಭಿಗಳಿಗೆ ಒಂದು ಉಪಾಯವುಂಟು. ಫೋನುಗಳನ್ನು ಜೋಡಿಸುವುದು ಸಂಕಲ್ಪ ಮಾತ್ರ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಟೆದರಿಂಗ್ ಎಂಬ ಬೇರೊಂದು ಗುಂಡಿ ಒತ್ತಿದರೇ ಧಾರೆ ಎರೆದಂತೆ. ‘ಜೋಡಿ ಆಯ್ತಲ್ಲಪ್ಪ, ನಿನ್ನ ಫೋನಲ್ಲೇ ಏನೋ ತೊಂದರೆ’ ಎಂದು ಹೇಳಿ ಸಂಕಲ್ಪದಲ್ಲೇ ಕರ್ಮ ಮುಗಿಸಿದ ಮಹನೀಯರನ್ನು ಬಲ್ಲೆ.

ಒಬ್ಬ ಯಜಮಾನನ ಸುತ್ತ ಏಕಕಾಲಕ್ಕೆ ಏಳು ಉಪಕರಣಗಳಿಗಷ್ಟೇ ಸ್ಥಾನವೆಂದು ಬ್ಲೂಟೂತ್ ನಿಯಮ. ಎಂಟನೆಯವರು ಬೀಗರಾಗಿದ್ದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಸಾಮಾನ್ಯ ಫೋನಿನಲ್ಲಿ ದಾನದ ಗಡಿ ಸುಮಾರು ಹತ್ತು ಮೀಟರ್. ಕೈ ತೊಳೆಯುವ ನೆಪದಲ್ಲಿ ಎದ್ದುಹೋದರೆ ಬಾಯಿಬಿಟ್ಟು ಇಲ್ಲವೆನ್ನುವ ಪಾಪವಿಲ್ಲದೆ ಸಂಪರ್ಕ ತಾನೇ ಕಡಿಯುತ್ತದೆ.

ವಿವಾದ ಉಳಿದಿರುವುದು ಒಂದರಲ್ಲಿ. ಯಾಚಕನು ದಾನಿಯ ಡೇಟಾದಿಂದಲೇ ಕುಟುಂಬದ ಗುಂಪಿಗೆ ಶುಭೋದಯದ ಚಿತ್ರ ಹಾಕುತ್ತಾನೆ. ಅದು ಲೋಕ ಸುತ್ತಿ ದಾನಿಯ ಫೋನಿಗೇ ಇಳಿದು ಎರಡನೇ ಸಲ ಡೇಟಾ ತಿನ್ನುತ್ತದೆ. ಇದು ಪ್ರತಿದಾನವೆಂದು ಅಕ್ಕನ ಪಕ್ಷ, ಅಪಹರಣವೆಂದು ನಮ್ಮದು.