ಹನ್ನೆರಡು ಅಡಿಕೆ, ಒಂದು ಹೋಳು

ತಂಗಿಯ ಮಗಳು ಓಡುತ್ತಾಳೆ. ಹಾಗಂತ ಹೇಳಿದ ಕೂಡಲೇ ನಮ್ಮ ಊರು ಮಂಕಿಯ ಕಡೆಯವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: ‘ಯಾರ ಸಂಗಡ?’ ಓಡಿಹೋಗುವುದಲ್ಲ ಮಾರಾಯರೆ, ಬರೀ ಓಡುವುದು, ಓಡಿದ ಮೇಲೆ ಮನೆಗೇ ಬಂದು ಗಂಜಿ ಉಣ್ಣುವುದು ಎಂದು ನಾನು ಬಿಡಿಸಿ ಹೇಳಬೇಕು. ಆಗ ಕೇಳಿದವರ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚು ಕಾಣುತ್ತದೆ.

ಅವಳದು 5000 ಮೀಟರ್. 400 ಮೀಟರಿನ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ಬ್ಯಾಂಕಿನಿಂದ ನಿವೃತ್ತನಾಗಿ ಕುಮಟೆಯಲ್ಲಿ ಮನೆ ಮಾಡಿಕೊಂಡು, ವಾರದಲ್ಲಿ ಮೂರು ದಿನ ತಂಗಿಯ ಮನೆಯಲ್ಲೇ ಊಟ ಮಾಡುವ ನನಗೆ ಸುತ್ತು ಎಣಿಸುವ ಕೆಲಸ ಬಂತು. ಮೂವತ್ತು ವರ್ಷ ಪರರ ದುಡ್ಡು ಎಣಿಸಿ ಒಂದು ರೂಪಾಯಿ ತಪ್ಪದವನು ಮೊದಲ ದಿನವೇ ಎಂಟೋ ಒಂಬತ್ತೋ ಎಂಬಲ್ಲಿ ಸಿಕ್ಕಿಬಿದ್ದೆ. ಎದುರು ಹಾದುಹೋಗುವಾಗ ಅವಳು ‘ಎಷ್ಟಾತು ಮಾವ?’ ಎಂದರೆ ‘ಓಡು, ಓಡು’ ಎಂದೆ. ಮರುದಿನದಿಂದ ಎಡಗಿಸೆಯಲ್ಲಿ ಹನ್ನೆರಡು ಚಾಲಿ ಅಡಿಕೆ, ಅರ್ಧ ಸುತ್ತಿಗೆಂದು ಒಂದು ಹೋಳು. ಈ ಓಟ ಶುರುವಾಗುವುದು ಮೈದಾನದ ಆಚೆ ಬದಿಯಿಂದ. ಅರ್ಧ ಸುತ್ತು ಮೊದಲೇ ಮುಗಿದುಬಿಡುತ್ತದೆ. ಹಾಗಾಗಿ ಮೊದಲು ಹೋಳು ಬಲಗಿಸೆಗೆ, ಆಮೇಲೆ ಸುತ್ತಿಗೊಂದು ಅಡಿಕೆ. ಒಂದು ದಿನ ಹೋಳು ಕಿಸೆಗೆ ಹೋಗುವ ಬದಲು ಬಾಯಿಗೆ ಹೋಯಿತು. ಅದರಿಂದ ಲೆಕ್ಕವೇನೂ ತಪ್ಪುತ್ತಿರಲಿಲ್ಲ. ಆದರೆ ಅದರ ಹಿಂದೆ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಎರಡು ಸುತ್ತು ದಾಟಿಹೋಗಿತ್ತು. ಕೂಸು ಅಂದು 5800 ಮೀಟರ್ ಓಡಿ ಬಂದು, ‘ಇವತ್ತೆಂತಕೋ ಕಾಲು ಭಾರ ಮಾವ’ ಎಂದಳು. ನಾನು ಹವೆಯ ಮೇಲೆ ಹಾಕಿದೆ.

ದ್ವಿತೀಯ ಪಿಯುಸಿ ಫಲಿತಾಂಶ ಬಂತು, ಕೂಸಿಗೆ ಮುಂದೆ ಯಾವ ಕಾಲೇಜು ಎಂದು ಜಗಲಿಯಲ್ಲಿ ಸಭೆ ಕೂಡಿತು. ನಮ್ಮ ಆಯಿಯ ತಕರಾರು ಮೂಲಕ್ಕೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅಂದಿನಿಂದ ಆ ತಕರಾರಿಗೆ ಹೊಸ ಬಲ ಬಂದಿದೆ. ‘ಬಸ್ಸು ಪುಕ್ಕಟೆ ಇದ್ದು. ಕೂಸು ಎಂತಕ್ಕೆ ಓಡ್ತು?’

ಭಟ್ಕಳದಲ್ಲಿ ಅಂಜುಮನ್, ಹೊನ್ನಾವರದಲ್ಲಿ ಎಸ್.ಡಿ.ಎಂ., ಕುಮಟೆಯಲ್ಲಿ ಬಾಳಿಗಾ, ಇವಲ್ಲದೆ ಬೇರೆ ಕಾಲೇಜುಗಳೂ ಉಂಟು. ಯಾವುದಕ್ಕೆ ಹೋದರೂ ಪದವಿ ಕೊಡುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ. ಆದರೆ ನಮ್ಮ ಸಭೆ ಪದವಿಯ ತನಕ ಹೋಗಲೇ ಇಲ್ಲ. ಭಟ್ಕಳಕ್ಕೆ ಹೋದರೆ ದಿನಾ ಮಲ್ಲಿಗೆ ಮುಡಿಯಬಹುದು ಎಂದಳು ಅಲ್ಲಿರುವ ಅತ್ತೆ. ಹೊನ್ನಾವರವಾದರೆ ಸಂಜೆ ದೀಪ ಹಚ್ಚುವುದರೊಳಗೆ ಮನೆಗೆ ಬರುತ್ತಾಳೆ ಎಂದಳು ತಂಗಿ. ನಾನು ಕುಮಟೆಯ ಪರ. ಬಾಳಿಗಾ ಕಾಲೇಜಿನಲ್ಲಿ ಕಲಿತವನು, ಮಣಕಿ ಮೈದಾನ ನನಗೆ ಹತ್ತಿರ, ಬೆಳಿಗ್ಗೆ ಎಣಿಸಲು ಅನುಕೂಲ. ಕೂಸಿಗೆ ಏನು ಅನುಕೂಲ ಎಂದು ಯಾರೂ ಕೇಳಲಿಲ್ಲ. ಅವಳು ಆ ಹೊತ್ತಿಗೆ ದಂಡೆಯಲ್ಲಿದ್ದಳು. ಇಳಿತದ ವೇಳೆ ಕಡಲಂಚಿನ ಒದ್ದೆ ಹೊಯ್ಗೆ ಗಟ್ಟಿಯಾಗಿ ಕಾಲು ಹುಗಿಯುವುದಿಲ್ಲ, ಓಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಷ್ಟವೆಂದರೆ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಕಾಲೇಜಿನಲ್ಲಿ ಹಾಜರಿ ಕರೆಯುವವರು ಐದು ನಿಮಿಷ ತಡೆಯುವುದಿಲ್ಲ.

ಇಡಗುಂಜಿ ಗಣಪತಿಗೆ ಕೈಮುಗಿದು, ಪಂಚಕಜ್ಜಾಯದ ಪೊಟ್ಟಣ ಹಿಡಿದು ಕಾಲೇಜು ನೋಡಲು ಹೊರಟೆವು. ಅಮೆರಿಕದಲ್ಲಿ ಚೆನ್ನಾಗಿ ಓಡುವ ಮಕ್ಕಳ ಮನೆಗೆ ಕಾಲೇಜಿನ ಕೋಚೇ ಬಂದು ಕೂತು, ವಿದ್ಯಾರ್ಥಿವೇತನದ ಮಾತಾಡುತ್ತಾರಂತೆ. ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಉಪ್ಪಿಟ್ಟು-ಕೇಸರಿಬಾತು ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ನಮ್ಮದು ಗಂಡು ಹುಡುಕುವ ಶಾಸ್ತ್ರ. ಜಾತಕದ ಬದಲು ಸರ್ಟಿಫಿಕೇಟಿನ ಫೈಲು.

ಹೋದ ಕಾಲೇಜುಗಳ ಹೆಸರು ಹೇಳುವುದಿಲ್ಲ, ಎಲ್ಲ ಊರಲ್ಲೂ ನನಗೆ ನೆಂಟರಿದ್ದಾರೆ. ಒಂದು ಕಡೆ ಮೈದಾನ ಎಲ್ಲಿ ಎಂದು ಕೇಳಿದೆ. ‘ಇದೇ’ ಎಂದು ತೋರಿಸಿದರು. ಮಳೆ ಹಿಡಿದು ವಾರವಾಗಿತ್ತು. ಮೈದಾನದ ತುಂಬ ಮೊಣಕಾಲು ನೀರು, ನೀರಿನ ತುಂಬ ಬೆಳ್ಳಕ್ಕಿ. ಇನ್ನೊಂದು ಕಡೆ ದೈಹಿಕ ಶಿಕ್ಷಣದ ಸರ್ ಬಹಳ ಪ್ರೀತಿಯಿಂದ ಮಾತಾಡಿಸಿದರು. ಸರ್ಟಿಫಿಕೇಟುಗಳನ್ನೆಲ್ಲ ನೋಡಿ, ಕೂಸಿನ ಎತ್ತರ ನೋಡಿ, ‘ಕಬಡ್ಡಿ ಆಡ್ತೀಯ? ನಮ್ಮ ಟೀಮಿಗೆ ಒಂದು ಜನ ಕಮ್ಮಿ’ ಎಂದರು. ಮಗದೊಂದು ಕಡೆ 1500, 5000, 10000 ಮೂರನ್ನೂ ಓಡಿ, ರಿಲೇಗೂ ನಿಂತರೆ ಚಾಂಪಿಯನ್‌ಷಿಪ್ ಪಾಯಿಂಟು ಹೇಗೆ ಕೂಡುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಹಾಗೆ ಅಡಿಕೆ ತಿಂದು ತಪ್ಪುವವರಲ್ಲ.

ಭಾವನಿಗೆ ಓಟಕ್ಕೂ ಕಾಲೇಜಿಗೂ ಏನು ಸಂಬಂಧ ಎಂಬುದೇ ಗುಮಾನಿ. ಅವನ ಮಾತಿನಲ್ಲೂ ಹುರುಳಿದೆ. ಸ್ಟೀಪಲ್‌ಚೇಸ್ ಓಡುವ ಅವಿನಾಶ್ ಸಾಬ್ಳೆ ಬೀಡ್ ಜಿಲ್ಲೆಯ ಹಳ್ಳಿಯಿಂದ ಹನ್ನೆರಡನೇ ತರಗತಿ ಮುಗಿಸಿ ಹೋದದ್ದು ಸೈನ್ಯಕ್ಕೆ. ಓಟ ಹತ್ತಿದ್ದು ಆಮೇಲೆ. ಭಾವ ಮೆತ್ತಗಾದದ್ದು ಪಾರುಲ್ ಚೌಧರಿಯ ಕತೆ ಕೇಳಿದ ಮೇಲೆ. ಮೀರತ್ ಹತ್ತಿರದ ರೈತರ ಮಗಳು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 5000 ಮೀಟರಿನಲ್ಲಿ ಕೊನೆಯ ಕೆಲವೇ ಮೀಟರುಗಳಲ್ಲಿ ಜಪಾನಿನವಳನ್ನು ಹಿಂದಿಕ್ಕಿ ಚಿನ್ನ ಗೆದ್ದಳು. ಆ ಕೊನೆಯ ಗಳಿಗೆಯಲ್ಲಿ ತಲೆಯಲ್ಲಿ ಇದ್ದದ್ದೇನು ಎಂದರೆ, ಚಿನ್ನ ಬಂದರೆ ನಮ್ಮ ಉತ್ತರ ಪ್ರದೇಶದವರು ಡಿವೈಎಸ್ಪಿ ಮಾಡುತ್ತಾರೆ ಎಂಬುದು. ಹಾಗೆಂದು ಅವಳೇ ಹೇಳಿದ್ದಾಳೆ. ದೇಶ, ಧ್ವಜ ಎಂದು ಶುರು ಮಾಡುವವರ ನಡುವೆ ಈ ಮಾತು ನನಗೆ ಬಹಳ ಹಿಡಿಸಿತು. ಭಾವನಿಗೂ ಹಿಡಿಸಿತು. ಆ ರಾತ್ರಿಯಿಂದ ಮಗಳ ಗಂಜಿಗೆ ತಾನೇ ತುಪ್ಪ ಹಾಕತೊಡಗಿದ.

ಅಷ್ಟರಲ್ಲಿ ಯಾರೋ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಸುದ್ದಿ ತಂದರು: ಅಲ್ಲಿ ಓಡುವ ಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಾರೆ. ಅಡುಗೆಮನೆಯಿಂದ ತಂಗಿ ಸೌಟು ಸಮೇತ ಹೊರಗೆ ಬಂದಳು. ‘ಹೆತ್ತವರು ನಾವಿನ್ನೂ ಗಟ್ಟಿ ಇದ್ದೇವೆ. ದತ್ತು ಕೊಡೂಕೆ ನಮ್ಮನೇಲಿ ಎಂತ ಕಮ್ಮಿ ಆಗಿದೆ?’ ಭಾವ ಇದಕ್ಕೆ ಸಬ್‌ರಿಜಿಸ್ಟ್ರಾರರಲ್ಲಿ ನೋಂದಣಿ ಆಗಬೇಕೋ ಎಂದು ಕೇಳಿದ. ದತ್ತು ಹೋದ ಮೇಲೆ ಇಲ್ಲಿಯ ತೋಟದಲ್ಲಿ ಪಾಲು ಇರುವುದಿಲ್ಲವಲ್ಲ ಎಂದಳು ಆಯಿ. ಇದು ಕ್ರೀಡಾ ದತ್ತು, ಫೀಸು-ಊಟ-ವಸತಿ-ತರಬೇತಿ ಅವರದು, ಮಗಳು ನಿಮ್ಮವಳೇ ಎಂದು ತಿಳಿಸುವುದರಲ್ಲಿ ಎರಡು ಸಲ ಚಹಾ ಆಯಿತು.

ಟ್ರಯಲ್ಸಿಗೆ ನಾನೇ ಕರೆದುಕೊಂಡು ಹೋದೆ. ಭಟ್ಕಳ ದಾಟಿ ಶಿರೂರು ಬಂದಾಗ ನಮ್ಮ ಜಿಲ್ಲೆ ಮುಗಿಯಿತು. ಆಮೇಲೆ ಅರ್ಧ ದಿನದ ದಾರಿ. ಮೂಡುಬಿದಿರೆಯ ಸ್ವರಾಜ್ಯ ಮೈದಾನದ್ದು ಸಿಂಥೆಟಿಕ್ ಟ್ರ್ಯಾಕ್. ಅಷ್ಟು ವರ್ಷ ಕೆಂಪುಮಣ್ಣಿನ ಮೇಲೆ ಓಡಿದವಳು ಬಗ್ಗಿ ಅದನ್ನು ಕೈಯಿಂದ ಒತ್ತಿ ನೋಡಿದಳು, ಅಂಗಡಿಯಲ್ಲಿ ಹಾಸಿಗೆ ನೋಡುವ ಹಾಗೆ. ನಾನು ಅಭ್ಯಾಸಬಲದಿಂದ ಅಡಿಕೆ ತೆಗೆದೆ. ಆದರೆ ಅಲ್ಲಿ ಉಳಿದ ಸುತ್ತು ತೋರಿಸಲು ಸಂಖ್ಯೆಯ ಫಲಕ, ಕೊನೆಯ ಸುತ್ತಿಗೆ ಗಂಟೆ. ಗಂಟೆ ಬಾರಿಸುವಾಗ ಕೂಸಿನ ಮುಂದೆ ಮೂವರಿದ್ದರು, ಮುಗಿಯುವಾಗಲೂ ಮೂವರೇ. ತಾಲೂಕಿನಲ್ಲಿ ಒಂದು ಸಲವೂ ಸೋಲದವಳು ನಾಲ್ಕನೆಯವಳಾದಳು. ಸಮಾಧಾನ ಮಾಡಲು ಎರಡು ಮಾತು ಹೊಂದಿಸಿಕೊಂಡು ಹೋದರೆ, ಅವಳು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಗುತ್ತಿದ್ದಳು. ‘ಮಾವ, ಮೂರು ಜನ ನನ್ನ ಮುಂದೆ! ಇಷ್ಟು ದಿನ ಒಬ್ಬಳೇ ಓಡಿ ಓಡಿ ಬೇಜಾರು ಬಂದಿತ್ತು. ನಾನು ಇಲ್ಲಿಗೇ ಬರೂದು.’

ಮೂರು ವರ್ಷ ಮೈದಾನದ ಬದಿಯಲ್ಲಿ ಕೂತವನಿಗೆ ಇದು ಹೊಳೆದಿರಲಿಲ್ಲ. ಊರಿನವರು ಮೊದಲೇ ಕೇಳಿದ್ದರು.

ಈಗ ಅವಳು ಮೂಡುಬಿದಿರೆಯಲ್ಲಿದ್ದಾಳೆ. ಹನ್ನೆರಡು ಅಡಿಕೆ ನನ್ನ ಅಂಗಿಯ ಕಿಸೆಯಲ್ಲೇ ಇವೆ. ಹೋಳನ್ನು ಆಯಿ ಕವಳಕ್ಕೆ ಹಾಕಿಕೊಂಡಳು.