ಕೊಸರು ರಾಯರು

ಮೊಳ ಹಾಕಿ ಅಳೆಯುವುದು ಮಲ್ಲಿಗೆಯನ್ನು ಮಾತ್ರ ಎಂದು ಅರವತ್ತೆಂಟು ವರ್ಷ ನಂಬಿಕೊಂಡಿದ್ದೆ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಮಗನ ಮನೆಗೆ ಹೋದ ಎರಡನೇ ವಾರ ಆ ನಂಬಿಕೆ ಹೋಯಿತು. ಔಷಧಿ ಅಂಗಡಿಯ ಬಾಗಿಲಲ್ಲಿ ಒಬ್ಬ ಹಿರಿಯರು ನಿಂತುಕೊಂಡು ರಸೀತಿಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದೆಳೆದು ಅಳೆಯುತ್ತಿದ್ದರು. ನನ್ನ ಮಂಕಿಕ್ಯಾಪು, ಅದರ ಕೆಳಗಿನ ನಾಮ ನೋಡಿಯೇ ಊರು ಗೊತ್ತಾಯಿತೇನೋ, ಪರಿಚಯವಿಲ್ಲದಿದ್ದರೂ ಕನ್ನಡದಲ್ಲೇ ಹೇಳಿದರು: "ಎರಡೂವರೆ ಮೊಳ ಸ್ವಾಮಿ! ಕೊಂಡದ್ದು ಕೆಮ್ಮಿನ ಪೆಪ್ಪರಮಿಂಟು, ಒಂದೇ ಪೊಟ್ಟಣ."

ಬಿಲ್ಲು ಮೊದಲ ಗೇಣಿನಲ್ಲೇ ಮುಗಿದಿತ್ತು. ಉಳಿದದ್ದೆಲ್ಲ ಕೂಪನ್ನು. ಶಾಂಪೂ ಮೇಲೆ 3 ಡಾಲರ್ ಕಡಿಮೆ, ವಿಟಮಿನ್ ಮಾತ್ರೆ ಒಂದಕ್ಕೆ ಒಂದು ಉಚಿತ, 20 ಡಾಲರಿಗೆ ಕೊಂಡರೆ 5 ಡಾಲರ್ ವಾಪಸ್ಸು. ಸಿವಿಎಸ್ ಅಂಗಡಿಯ ರಸೀತಿಯ ಉದ್ದ ಅಮೆರಿಕದಲ್ಲಿ ಎಷ್ಟು ಪ್ರಸಿದ್ಧವೆಂದರೆ ಹ್ಯಾಲೋವೀನ್ ಹಬ್ಬಕ್ಕೆ ಮೈತುಂಬ ಆ ರಸೀತಿಯ ವೇಷವನ್ನೇ ತೊಟ್ಟು ತಿರುಗುವವರಿದ್ದಾರಂತೆ. ರಾಯರು ಮಾತ್ರ ತಮ್ಮ ರಸೀತಿಯನ್ನು ಪಂಚಾಂಗದಂತೆ ಮಡಚಿ ಜೇಬಿಗಿಟ್ಟುಕೊಂಡರು.

ಅಂದಿನಿಂದ ನಾನು ಅವರ ಶಿಷ್ಯ. ಬೇರೆ ಕೆಲಸವಾದರೂ ಏನಿತ್ತು? ಮಗ, ಸೊಸೆ ಲ್ಯಾಪ್‌ಟಾಪಿನಲ್ಲಿ, ಮೊಮ್ಮಗು ಡೇ ಕೇರಿನಲ್ಲಿ. ಕಾರು ಓಡಿಸಲು ಬಾರದ ನನಗೆ ಕಾಲ್ನಡಿಗೆಯಲ್ಲಿ ಸಿಗುತ್ತಿದ್ದ ಏಕೈಕ ಲೋಕವೆಂದರೆ ಆ ಔಷಧಿ ಅಂಗಡಿ.

ಇಂಥವರು ಅಮೆರಿಕದ ಯಾವ ಕನ್ನಡ ಕೂಟದ ಯುಗಾದಿ ಊಟದಲ್ಲಾದರೂ ಸಿಗುತ್ತಾರೆ. ಒಳ್ಳೆಯ ಉದ್ಯೋಗ ಮಾಡಿ ನಿವೃತ್ತರಾದವರು, ಮನೆಯ ಸಾಲ ತೀರಿಸಿ ಯಾವುದೋ ಕಾಲವಾಯಿತು, ಮಕ್ಕಳು ಒಬ್ಬ ಬಾಸ್ಟನ್ನು, ಒಬ್ಬಳು ಡಲ್ಲಾಸು. ಹಣಕ್ಕೆ ಏನೂ ಕೊರತೆಯಿಲ್ಲ. ಜುಗ್ಗರು ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಹೋಳಿಗೆ ಊಟ ಹಾಕಿದರೆ ತಟ್ಟೆಯಲ್ಲಿ ತುಪ್ಪದ ಕೆರೆ ಕಟ್ಟಿಸುವ ಮನೆ ಅವರದು. ಆದರೆ ಅದೇ ಮನುಷ್ಯ 40 ಸೆಂಟಿನ ಕೂಪನ್ ಅವಧಿ ಮೀರುತ್ತದೆಂದು ಹಿಮ ಬೀಳುವಾಗ ಬೂಟು ಹಾಕಿಕೊಂಡು ಹೊರಡುತ್ತಾರೆ.

"ಯಾಕೆ ರಾಯರೇ ಈ ಪಾಡು?" ಎಂದೊಮ್ಮೆ ಕೇಳಿದೆ.

"ಸ್ವಾಮಿ, ನಾನು ಮೈಸೂರಿನ ಅಗ್ರಹಾರದವನು. ದೇವರಾಜ ಮಾರ್ಕೆಟ್ಟಿನಲ್ಲಿ ನಮ್ಮಮ್ಮನ ಕೈಚೀಲ ಹಿಡಿದು ಬೆಳೆದವನು. ಸೊಪ್ಪು ಕೊಂಡರೆ ಮೇಲೆ ಕರಿಬೇವು, ಬೀನ್ಸ್ ಕೊಂಡರೆ ಎರಡು ಹಸಿಮೆಣಸಿನಕಾಯಿ. ಕೊಸರು ಹಾಕಿಸಿಕೊಳ್ಳದೆ ಬಂದರೆ ಅಮ್ಮ ವಾಪಸ್ ಕಳಿಸೋರು. 1989ರಲ್ಲಿ ಇಲ್ಲಿಗೆ ಬಂದೆ. ಎಲ್ಲಕ್ಕೂ ಚೀಟಿ ಅಂಟಿಸಿಟ್ಟಿದ್ದಾರೆ! ಚೌಕಾಸಿ ಮಾಡೋಕೆ ಎದುರಿಗೊಬ್ಬ ಮನುಷ್ಯನೇ ಇಲ್ಲ. ಎರಡು ವರ್ಷ ಏನು ಕೊಂಡರೂ ಮೋಸ ಹೋದಹಾಗೇ ಅನ್ನಿಸ್ತಿತ್ತು. ಒಂದು ಭಾನುವಾರ ಪೇಪರಿನೊಳಗಿಂದ ಕೂಪನ್ ಪುಸ್ತಕ ಕೆಳಗೆ ಬಿತ್ತು ನೋಡಿ..."

ಅಲ್ಲಿಗೆ ಅವರ ಗಂಟಲು ಕಟ್ಟಿತು.

ಕೂಪನ್ನಿನ ಪುರಾಣವೂ ಅವರಿಗೆ ಕಂಠಪಾಠ. 1886ರಲ್ಲಿ ಅಟ್ಲಾಂಟಾದ ಔಷಧಿ ಅಂಗಡಿಯೊಂದರಲ್ಲಿ ಲೋಟಕ್ಕೆ 5 ಸೆಂಟಿನಂತೆ ಮಾರಾಟ ಶುರುವಾದ ಕೋಕಾ ಕೋಲಾ, ಒಂದೆರಡು ವರ್ಷದಲ್ಲೇ 'ಒಂದು ಲೋಟ ಪುಕ್ಕಟೆ' ಎಂಬ ಚೀಟಿ ಹಂಚಿ ಜನರಿಗೆ ರುಚಿ ಹತ್ತಿಸಿತು. "ಅಂದರೆ ಈ ದೇಶದಲ್ಲಿ ಕೂಪನ್ನೂ ಔಷಧಿ ಅಂಗಡಿಯೂ ಒಂದೇ ತೊಟ್ಟಿಲಲ್ಲಿ ಮಲಗಿದ್ದವು" ಎನ್ನುತ್ತಾರೆ. ಕೂಪನ್ನಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 'ನಗದು ಬೆಲೆ ಒಂದು ಸೆಂಟಿನ ನೂರನೇ ಒಂದು ಭಾಗ' ಎಂದು ಅಚ್ಚಾಗಿರುವುದನ್ನು ನನಗೆ ಭೂತಗನ್ನಡಿ ಹಿಡಿದು ತೋರಿಸಿದವರೂ ಅವರೇ. "ಹತ್ತು ಸಾವಿರ ಕೂಡಿಸಿದರೆ ಒಂದು ಡಾಲರ್ ಕೊಡಲೇಬೇಕು!" ಕೂಡಿಸುತ್ತಿದ್ದಾರೋ ಏನೋ, ಕೇಳಲು ಧೈರ್ಯವಾಗಲಿಲ್ಲ.

ಬರಬರುತ್ತಾ ಕತ್ತರಿಯ ಕಾಲ ಹೋಗಿ ಫೋನಿನ ಕಾಲ ಬಂತು. ರಾಯರು ಅದಕ್ಕೂ ಹೊಂದಿಕೊಂಡರು. ಸಿವಿಎಸ್‌ನ ಎಕ್ಸ್‌ಟ್ರಾಕೇರ್, ಅದರ ಎಕ್ಸ್‌ಟ್ರಾಬಕ್ಸ್. ವಾಲ್‌ಗ್ರೀನ್ಸ್‌ನ ಕ್ಯಾಶ್ ರಿವಾರ್ಡ್ಸ್. ತಿಂಗಳಿಗೆ 5 ಡಾಲರ್ ಚಂದಾ ಕಟ್ಟಿದರೆ 10 ಡಾಲರಿನ ಕೊಸರು ಕೊಡುವ ಯೋಜನೆಯೂ ಇದೆ. ಹೊತ್ತಿಗೆ ಸರಿಯಾಗಿ ಖರ್ಚು ಮಾಡದಿದ್ದರೆ ಅದು ಒಣಗಿಹೋಗುತ್ತದೆ. ಹಾಗಾಗಿ ಬೇಕಿರಲಿ ಬಿಡಲಿ, ಗಡುವಿನ ಸಂಜೆ ಹೋಗಲೇಬೇಕು. ತಮಾಷೆಯೆಂದರೆ ವೈದ್ಯರು ಬರೆದುಕೊಟ್ಟ ಮಾತ್ರೆಗೆ ಆ ಬಕ್ಸ್ ಸಲ್ಲುವುದಿಲ್ಲ. ರಾಯರ ಬೀಪಿ ಮಾತ್ರೆ ಟಪಾಲಿನಲ್ಲಿ ಬರುತ್ತದೆ. ಔಷಧಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಔಷಧಿ ಅಂಗಡಿಯಲ್ಲಿ ಕೊಳ್ಳುವವರು ಅವರು.

ಅವರ ಕೀಲಿಗೊಂಚಲಿನಲ್ಲಿ ರೈಟ್ ಏಯ್ಡ್ ಅಂಗಡಿಯ ಪ್ಲಾಸ್ಟಿಕ್ ಬಿಲ್ಲೆ ಇನ್ನೂ ತೂಗುತ್ತಿದೆ. 1962ರಿಂದ ನಡೆದುಕೊಂಡು ಬಂದಿದ್ದ ಆ ಅಂಗಡಿಗಳು 2025ರ ಅಕ್ಟೋಬರಿಗೆ ಪೂರ್ತಿ ಮುಚ್ಚಿದವು. ಬಿಲ್ಲೆ ತೆಗೆದುಬಿಡಿ ಎಂದರೆ, ಮಾರಿದ ಹಳ್ಳಿಮನೆಯ ಬೀಗದ ಕೈ ಎಸೆಯಲಾರದವರಂತೆ ಮುಖ ಮಾಡುತ್ತಾರೆ.

ಇನ್ನು ಮಂತ್ರೋಪದೇಶದ ವಿಷಯ. ಇಲ್ಲಿ ಬಿಲ್ಲು ಮಾಡುವ ಮೊದಲು ಫೋನ್ ನಂಬರ್ ಕೇಳುತ್ತಾರೆ. ಪಾಯಿಂಟು ಬೀಳುವುದು ಆ ನಂಬರಿಗೆ. ಪರಿಚಯವಾದ ಮೂರನೇ ದಿನ ರಾಯರು ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ತಮ್ಮ ನಂಬರ್ ಹೇಳಿದರು. "ನೀವೇನು ಆರು ತಿಂಗಳಿಗೆ ಹೋಗೋರು. ನಿಮ್ಮ ಪಾಯಿಂಟು ನೀರುಪಾಲಾಗೋದು ಯಾಕೆ?" ಮೂರು ಸಲ ಹೇಳಿಸಿ ಒಪ್ಪಿಸಿಕೊಂಡರು. ಆಮೇಲೆ ಗೊತ್ತಾಯಿತು, ಆ ಬಡಾವಣೆಗೆ ಮಕ್ಕಳ ಮನೆಗೆಂದು ಬಂದ ತುಮಕೂರಿನ ಅಜ್ಜಿ, ಶಿವಮೊಗ್ಗದ ಮೇಷ್ಟ್ರು, ಹುಬ್ಬಳ್ಳಿಯ ದಂಪತಿ ಎಲ್ಲರಿಗೂ ಇದೇ ಉಪದೇಶವಾಗಿದೆ. ಅಜ್ಜಿಗೆ ಸ್ವಂತ ಮಗನ ನಂಬರ್ ಬಾರದು. ರಾಯರದ್ದು ನಿದ್ದೆಯಲ್ಲೂ ಬರುತ್ತದೆ.

ಅವರ ಕಾರ್ಯವೈಖರಿಯನ್ನು ಒಂದು ಮಂಗಳವಾರ ಹತ್ತಿರದಿಂದ ನೋಡಿದೆ. ಅಂಗಡಿಯ ಹೆಸರು ಬೇಡ. ಟೂತ್‌ಪೇಸ್ಟನ್ನು ಕಳ್ಳರ ಕಾಟಕ್ಕೆ ಪಾರದರ್ಶಕ ಬಾಗಿಲಿನೊಳಗೆ ಬೀಗ ಹಾಕಿ ಇಟ್ಟಿದ್ದರು. ಗುಂಡಿ ಒತ್ತಿದರೆ ಗಂಟೆ ಬಾರಿಸುತ್ತದೆ, ಆಮೇಲೆ ಕೈಕಟ್ಟಿ ನಿಲ್ಲಬೇಕು. ಅರ್ಚಕರ ಹಾಗೆ ಒಬ್ಬ ಹುಡುಗ ಬೀಗದ ಕೈ ತಂದು ಬಾಗಿಲು ತೆಗೆಯುತ್ತಾನೆ. ಒಂದು ಪೇಸ್ಟು 4.99 ಡಾಲರ್. ರಾಯರು ನಾಲ್ಕು ತೆಗೆದುಕೊಂಡರು. 20 ಡಾಲರ್ ದಾಟಿದರೆ 5 ವಾಪಸ್ಸು ತಾನೆ?

ನಾಲ್ಕಕ್ಕೆ 19.96 ಆಯಿತು. ನಾಲ್ಕು ಸೆಂಟು ಕಡಿಮೆ!

ರಾಯರು ಗಲ್ಲಾದ ಪಕ್ಕದ ಪೆಪ್ಪರಮಿಂಟು ಎತ್ತಿಟ್ಟರು, 1.29. ಊಹೂಂ, ಯಂತ್ರ ಒಪ್ಪಲಿಲ್ಲ. ಆ ಯೋಜನೆಗೆ ಪೇಸ್ಟು ಮಾತ್ರ ಲೆಕ್ಕ, ಪೆಪ್ಪರಮಿಂಟಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. "ನೀವಿಲ್ಲೇ ಜಾಗ ಹಿಡ್ಕೊಂಡಿರಿ" ಎಂದು ನನ್ನನ್ನು ನಿಲ್ಲಿಸಿ ರಾಯರು ಮತ್ತೆ ಗರ್ಭಗುಡಿಗೆ ಓಡಿದರು. ದೂರದಿಂದ ಗಂಟೆ ಕೇಳಿಸಿತು. ನಾನು ಸಾಲಿನವರೆಲ್ಲರಿಗೂ ಒಂದೊಂದು ನಗು ಹಂಚಿದೆ. ಇಂಗ್ಲಿಷಿನಲ್ಲಿ ಹೇಳಬಹುದಾದದ್ದು ಏನೂ ಹೊಳೆಯಲಿಲ್ಲ.

ಐದನೇ ಪೇಸ್ಟು ಬಂತು, 24.95 ಆಯಿತು. ಎರಡಕ್ಕೆ 2 ಡಾಲರ್ ಕಡಿಮೆಯ ಕೂಪನ್ ಎರಡು, ಹೋದ ವಾರ ಗಳಿಸಿದ 5 ಡಾಲರ್, ಎಲ್ಲ ಕಳೆದರೆ 15.95. ಪೆಪ್ಪರಮಿಂಟನ್ನು ವಾಪಸ್ ಇಡಲು ನಾಚಿಕೆಯಾಗಿ ಅದೂ ಸೇರಿ 17.24. ಮೇಲೆ ತೆರಿಗೆ. ಹೊಸ 5 ಡಾಲರಿನ ಚೀಟಿ ಯಂತ್ರದಿಂದ ನಾಲಿಗೆ ಚಾಚಿ ಹೊರಬಂತು.

ಬಾಗಿಲಲ್ಲೇ ನಿಂತು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದರು: ಉಳಿತಾಯ 14 ಡಾಲರ್.

ಮೂವತ್ತಾರು ವರ್ಷ ಬ್ಯಾಂಕಿನ ಲೆಡ್ಜರಿನ ಮೇಲೆ ಬಗ್ಗಿದ ಬೆನ್ನು ನನ್ನದು. ಹಿಂದಿನ ಪುಟ ತಿರುಗಿಸಿದೆ. "ರಾಯರೇ, ಇವತ್ತು ಕಳೆದ 5 ಡಾಲರನ್ನ ಹೋದ ವಾರವೇ ಲಾಭಕ್ಕೆ ಬರ್ಕೊಂಡಿದ್ದೀರಿ. ಇವತ್ತು ಮತ್ತೆ ಬರೆದಿದ್ದೀರಿ. ಒಂದೇ ದುಡ್ಡು ಎರಡು ಕಡೆ ಜಮಾ ಆಗಿದೆ."

ರಾಯರು ನನ್ನನ್ನು ಬಹಳ ಹೊತ್ತು ನೋಡಿದರು. ನಂತರ ನೋಟ್‌ಬುಕ್ ಮುಚ್ಚಿ, "ನಿಮ್ಮ ಬ್ಯಾಂಕು ಉದ್ಧಾರ ಆಗದೇ ಇದ್ದದ್ದು ಯಾಕೆ ಅಂತ ಈಗ ತಿಳೀತು" ಎಂದರು.

ಅವರ ಮನೆಯ ನೆಲಮಾಳಿಗೆಯನ್ನು ನೋಡಿದ್ದು ಆಮೇಲೆ. ಗೋಡೆಗೆ ಗೋಡೆ ಶಾಂಪೂ, ಬ್ಯಾಂಡೇಜು, ನೋವಿನ ಮುಲಾಮು. ಒಂದು ಇಡೀ ಕಪಾಟು ಪೇಸ್ಟು. ರಾಯರ ಮೇಲಿನ ಸಾಲು ಹಲ್ಲು ಕಟ್ಟಿಸಿದ್ದು, ರಾತ್ರಿ ಬಟ್ಟಲಲ್ಲಿ ಮಲಗುತ್ತದೆ. ಕಾಫಿ ತಂದ ಅವರ ಮನೆಯವರು ಕಪಾಟಿನ ಕಡೆ ಗಲ್ಲ ತಿರುಗಿಸಿದರು. "ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಮ್ಮನೇಲಿ ಪೇಸ್ಟಿದ್ದಾಗ ಹಲ್ಲಿಲ್ಲ ನೋಡಿ. ಸಗಟು ಅಂಗಡೀಲಿ ದೊಡ್ಡ ಕಟ್ಟು ಇದಕ್ಕಿಂತ ಅಗ್ಗಕ್ಕೆ ಸಿಗತ್ತೆ ಅಂದ್ರೆ ಕೇಳಲ್ಲ."

"ಅಗ್ಗಕ್ಕೆ ಸಿಗತ್ತೆ ಕಣೇ. ಆದ್ರೆ ಅದನ್ನ ಅವರು ಎಲ್ಲರಿಗೂ ಕೊಡ್ತಾರೆ" ಎಂದರು ರಾಯರು.

ಹೊರಡುವ ಹಿಂದಿನ ದಿನ ನನಗೂ ಹನ್ನೊಂದು ಪೇಸ್ಟು ಬಂದವು. ಪೆಟ್ಟಿಗೆಗೆ 23 ಕಿಲೋ ಮಿತಿ. ಸೊಸೆ ನನ್ನ ಎರಡು ಸ್ವೆಟರು ತೆಗೆದು ಜಾಗ ಮಾಡಿದಳು. ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರು ಹಾರಿ ಬಂದ ಆ ಪೇಸ್ಟನ್ನು ನಮ್ಮ ಬೀದಿಯ ಜನ, ತಮ್ಮ ಬಚ್ಚಲಲ್ಲಿದ್ದ ಅದೇ ಕಂಪನಿಯ ಪೇಸ್ಟಿನ ಪಕ್ಕದಲ್ಲಿಟ್ಟು 'ಫಾರಿನ್ನು' ಎಂದು ನಾಲ್ಕು ದಿನ ಉಜ್ಜಿದರು.

ಮೊನ್ನೆ ಸರಸ್ವತಿಪುರಂನ ಮೆಡಿಕಲ್ ಸ್ಟೋರಿಗೆ ಗ್ಯಾಸಿನ ಮಾತ್ರೆಗೆಂದು ಹೋಗಿದ್ದೆ. ಹೊಸ ಅಂಗಡಿ, ಎಸಿ, ಗಾಜಿನ ಬಾಗಿಲು. ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ, "ಸಾರ್, ಫೋನ್ ನಂಬರ್ ಹೇಳಿ, ಪಾಯಿಂಟ್ಸ್ ಹಾಕ್ತೀನಿ" ಎಂದಳು. ನನ್ನ ಬಾಯಿ ನನ್ನನ್ನು ಕೇಳದೆ ಏಳು, ಮೂರು, ಎರಡು ಎಂದು ಶುರುಮಾಡಿತು. ಹತ್ತೂ ಅಂಕಿ ಮುಗಿದವು. ಕಂಪ್ಯೂಟರು ಬೇಡ ಎನ್ನಲಿಲ್ಲ.

"ಇದು ಹೊಸಾ ನಂಬರ್ ಸಾರ್. ಹೆಸರು?"

"ರಾಯರು ಅಂತ ಬರ್ಕೊಳ್ಳಮ್ಮ" ಎಂದೆ.