ಮಾಡ್ಯೂಲ್ ಮಾಮಾ

ಸೇಡಂ ಕಡೆಯ ಮುಧೋಳದ ಝೆರಾಕ್ಸ್ ಅಂಗಡಿಯಲ್ಲಿ ಪಹಣಿ ತೆಗೆದುಕೊಡುವುದು, ಬೆಳೆವಿಮೆ ಫಾರಂ ತುಂಬುವುದು ಮಾಮಾನ ಹೊಟ್ಟೆಪಾಡು. ನಿಜವಾದ ಉದ್ಯೋಗ ಬೇಡಿಕೆ ಸಲ್ಲಿಸುವುದು.

ಇದು ವಂಶದ ಗುಣ. ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಬೇಡಿಕೆಯ ಅರ್ಜಿಗಳೂ ಅದರ ಹಿಂದೆಯೇ ಓಡಿರಬೇಕು. ಚಿತ್ತಾಪುರದಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಿ ಅಂತ ಅಜ್ಜ ಬರೆದರು, ಸೇಡಂನಲ್ಲಿ ನಿಲ್ಲಿಸಿ ಅಂತ ಅಪ್ಪ. ‘ಎರಡು ನಿಮಿಷ ನಿಂತರೆ ಯಾರಿಗೂ ನಷ್ಟವಿಲ್ಲ’ ಎಂಬ ವಾಕ್ಯ ಪಿತ್ರಾರ್ಜಿತವಾಗಿ ಮಾಮಾನಿಗೆ ಬಂತು. ಅವರು ಅದನ್ನು ಕಂಪ್ಯೂಟರ್ ನಡೆಸುವ ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಬಳಸಿದರು.

ಮಾಮಾನ ಹಳೇ ಕಂಪ್ಯೂಟರಿಗೆ ಹೊಂದುವ ಪುಟ್ಟ ಲಿನಕ್ಸಿನಲ್ಲಿ ಜಾಲದಲ್ಲಿ ಡೇಟಾ ಓಡುವ ವೇಗ ನೋಡಿಕೊಳ್ಳುವ ಬಿಬಿಆರ್ ಇಲ್ಲ. ಗೂಗಲ್‌ನವರು ರೂಪಿಸಿದ ಈ ಸೌಲಭ್ಯ 2016ರಲ್ಲಿ, 4.9ನೇ ಆವೃತ್ತಿಯಲ್ಲಿ ಕರ್ನಲ್ ಸೇರಿತು. ಇದೇ ಕೆಲಸಕ್ಕೆ ರೂಢಿಯಲ್ಲಿರುವ ಕ್ಯೂಬಿಕ್ ಒಂದು ಪ್ಯಾಕೆಟ್ ಕಳೆದರೂ ದಾರಿ ಗಿಜಿಗುಟ್ಟುತ್ತಿದೆ ಅಂತ ಗಾಬರಿಬಿದ್ದು ವೇಗ ಇಳಿಸುತ್ತದೆ. ಬಿಬಿಆರ್ ಹಾಗಲ್ಲ; ದಾರಿಯ ಅಗಲ ಎಷ್ಟು, ಹೋಗಿಬರಲು ಎಷ್ಟು ಹೊತ್ತು ಅಂತ ಅಳೆದು ಕಳಿಸುತ್ತದೆ. ಮೊಬೈಲ್ ಸಿಗ್ನಲ್ ನಂಬಿ ಬದುಕುವವರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಮಾತುಂಟೆ?

“ಮಾಡ್ಯೂಲ್ ಮಾಡಿ ಇಡ್ರಿ ಸಾಕು. ಸುಮ್ಮ ಒಂದು ಮೂಲ್ಯಾಗ ಕುಂದರ್ತದ. ಬೇಕಾದಾವ್ರು ಕರೀತಾರ, ಬ್ಯಾಡಾದಾವ್ರಿಗಿ ಏನ್ ತ್ರಾಸು?” ಎಂಬುದು ಆ ಪುಟ್ಟ ಲಿನಕ್ಸ್ ಕಟ್ಟುವವರಿಗೆ ಮಾಮಾ ಬರೆದ ಅರ್ಜಿಯ ಸಾರ.

ಆ ಮೂಲೆಯನ್ನು ಪ್ರತಿ ಆವೃತ್ತಿಗೂ ಗುಡಿಸುವವರು ಬೇರೆ ಯಾರೋ. ಕೇಳುವವನಿಗೆ ಐಚ್ಛಿಕವಾದದ್ದು ಕಟ್ಟುವವನಿಗೆ ಕಾಯಂ ಕೆಲಸ. ಕರ್ನಲ್ ಕಟ್ಟುವಾಗ ಬಹಳಷ್ಟು ಸೌಲಭ್ಯಗಳಿಗೆ ವೈ, ಎಂ, ಎನ್ ಎಂಬ ಆಯ್ಕೆ: ಒಳಗೇ ಸೇರಿಸು, ಮಾಡ್ಯೂಲ್ ಮಾಡು, ಬಿಟ್ಟುಬಿಡು. ಎಷ್ಟೋ ಕಡೆ ‘ಅನುಮಾನವಿದ್ದರೆ ಎನ್ ಒತ್ತಿ’ ಎಂಬ ಸಲಹೆಯೂ ಇದೆ. ಮಾಮಾನಿಗೆ ಅನುಮಾನ ಎಂಬುದೇ ಇಲ್ಲದ್ದರಿಂದ ಎನ್ ಒತ್ತುವ ಪ್ರಸಂಗ ಬಂದಿಲ್ಲ.

ಕೊನೆಗೆ ಉತ್ತರ ಬಂತು: ಮೂಲ ಸಂಕೇತ ಎಲ್ಲರಿಗೂ ಮುಕ್ತ, ನೀವೇ ಕಟ್ಟಿಕೊಳ್ಳಿ. ಮಾಮಾ ಕೆಂಡವಾದರು. “ಗಾಡಿ ನಿಂದ್ರಸ್ರಿ ಅಂದ್ರ, ಹಳಿ ನೀವೇ ಹಾಕ್ಕೋರಿ ಅಂತಾರ!”

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗಳು ರಜೆಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದಳು: “ಮಾಮಾ, ಅದು ನಾವ್ ಕಳಸೋ ಡೇಟಾ ಅಷ್ಟೇ ನೋಡ್ಕೋತದ್ರಿ. ಸಿನೆಮಾ ಇಳಸ್ಲಾಕ ಬಿಬಿಆರ್ ಆ ಕಡಿ ಸರ್ವರ್‌ನ್ಯಾಗ ಇರಬೇಕು. ನೀವ್ ಇಲ್ಲಿಂದ ಏನ್ ಕಳಸ್ತೀರಿ?”

ಮಾಮಾ ಕನ್ನಡಕ ಒರೆಸಿಕೊಂಡರು.

“ಅರ್ಜಿ ಯಾರ್ ಕಳಸ್ತಾರವ್ವಾ ಮತ್ತ?”